ಮಂಗಳವಾರದ ಮನೆ

ಲಂಗದ ಕೆಳಗಂಚಿನ ಹೊಲಿಗೆಯನ್ನು ಸುಂದರವ್ವ ಬ್ಲೇಡಿನ ಮೂಲೆಯಿಂದ ಒಂದೊಂದಾಗಿ ಎತ್ತಿ ಬಿಡಿಸುತ್ತಿದ್ದಳು. ಬಟ್ಟೆ ಹರಿಯಬಾರದು, ಸಾಧ್ಯವಾದರೆ ದಾರವೂ ಹರಿಯಬಾರದು, ಉದ್ದಕ್ಕೆ ಬಂದ ದಾರವನ್ನು ಹಳೆಯ ರೀಲಿಗೆ ಸುತ್ತಿಟ್ಟರೆ ಕೌದಿಯ ಹೊಲಿಗೆಗೇ ಆಗುತ್ತದೆ. ನಡುಮನೆಯ ನೆಲದ ಮೇಲೆ ಕೌದಿ ಅರ್ಧ ಹಾಸಿಕೊಂಡಿತ್ತು. ಗಂಡ ವೀರಪ್ಪನ ಹಳೆಯ ಧೋತರ ಅಡಿಗೆ, ಅದರ ಮೇಲೆ ಅತ್ತೆಯ ಇಲಕಲ್ ಸೀರೆಯ ಚೂರು, ಯಾವುದೋ ಮದುವೆಯಲ್ಲಿ ಆಯೇರಿಯೆಂದು ಉಡುಗೊರೆ ಬಂದ ಕುಪ್ಪಸದ ತುಂಡುಗಳು. ನಡುವೆ ಒಂದು ಚೌಕ ಖಾಲಿ ಇತ್ತು. ಅಲ್ಲಿಗೆ ನೀಲಿ ಬೇಕು ಎಂದು ಅನ್ನಿಸಿದ್ದು ಬೆಳಿಗ್ಗೆ; ನೀಲಿ ಎಂದರೆ ಮನೆಯಲ್ಲಿ ಇದ್ದದ್ದು ಮಗಳು ಸಪ್ನಾಳ ಸಾಲಿಯ ಸಮವಸ್ತ್ರದ ಲಂಗ ಒಂದೇ ಎಂಬುದು ಹೊಳೆದದ್ದು ಟ್ರಂಕಿನ ಮುಚ್ಚಳ ಎತ್ತಿದ ಮೇಲೆ. ಬೆಳೆಯುವ ಹುಡುಗಿ, ವರ್ಷ ವರ್ಷ ಹೊಸದು ಯಾಕೆ ಎಂದು ಹೊಲಿಸುವಾಗಲೇ ಕೆಳಗೆ ಅಗಲವಾಗಿ ಮಡಿಚಿ ಹಾಕಿಸಿದ್ದಳು. ಈಗ ಹೊಲಿಗೆ ಬಿಚ್ಚಿದಂತೆ ಒಳಗಿನ ಮಡಿಕೆ ಹೊರಗೆ ಬರುತ್ತಿತ್ತು. ಹೊರಗಿನ ಬಟ್ಟೆ ಒಗೆದು ಒಗೆದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಳಗಿನದು ಅಂಗಡಿಯಿಂದ ತಂದ ದಿನದ ನೀಲಿಯೇ. ಬಿಸಿಲು ಕಾಣದ ಆ ಅಂಗೈ ಅಗಲದ ನೀಲಿಯನ್ನು ಅವಳು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಹುಡುಗಿ ಈ ಹೊತ್ತಿಗೆ ಅಷ್ಟು ಎತ್ತರ ಆಗಿರಬೇಕಿತ್ತು, ಆಗಿದ್ದಾಳೆ ಕೂಡ. ಲಂಗ ಮಾತ್ರ ಕೆಳಗಿಳಿಯಲಿಲ್ಲ.

ಹಿತ್ತಲಿನಲ್ಲಿ ಅತ್ತೆ ಶಟ್ಟೆವ್ವ ಮತ್ತು ಸಪ್ನಾ ಶೇಂಗಾ ಸುಲಿಯುತ್ತಿದ್ದರು. ಸಿಪ್ಪೆ ಒಡೆಯುವ ಸದ್ದು, ಕಾಳು ಬುಟ್ಟಿಗೆ ಬೀಳುವ ಸದ್ದು, ನಡುನಡುವೆ ಹುಡುಗಿಯ ಮಾತು. "ಆಯಿ, ದಪ್ಪ ಕಾಳೆಲ್ಲಾ ನಿನ್ನ ಬಾಯಿಗೆ ಹೊಂಟಾವು. ಬುಟ್ಟಿಗೆ ಬರೇ ಜೊಳ್ಳು. ನಾ ನೋಡಾಕ ಹತ್ತೇನಿ."

"ನಿಮ್ಮಜ್ಜ ಇದ್ದಾಗೂ ಹಿಂಗs ಕಾಯತಿದ್ದ. ಅವ ಹೋದ, ಆ ಕಾವಲಕ್ಕ ನೀ ಬಂದಿ."

ಸಪ್ನಾ ನಕ್ಕಳು. ಸುಂದರವ್ವನ ಕೈಯೊಳಗಿನ ಬ್ಲೇಡು ನಿಂತಿತು. ಈ ನಗೆ ತನ್ನೆದುರಿಗೆ ಬರುವುದಿಲ್ಲ. ತನ್ನೆದುರು ಸಪ್ನಾ ಹೂಂ ಎನ್ನುತ್ತಾಳೆ, ಒಲ್ಲೆ ಎನ್ನುತ್ತಾಳೆ, ಗುಳಿಗೆ ನುಂಗಿ ಬಾಯಿ ತೆರೆದು ತೋರಿಸುತ್ತಾಳೆ. ಜಗಳವಿಲ್ಲ. ಜಗಳ ಮಾಡಿದ್ದರೆ ಬೈಯಬಹುದಿತ್ತು, ಬೈದ ಮೇಲೆ ಕರೆದು ತಲೆ ಸವರಬಹುದಿತ್ತು. ಸವರಲು ಕೈ ಎತ್ತಿದರೆ ಹುಡುಗಿಯ ಮುಖ ಒಂದು ಎಳೆಯಷ್ಟು ಹಿಂದೆ ಸರಿಯುತ್ತದೆ, ಅಷ್ಟೇ, ಬೇರೆ ಯಾರಿಗೂ ಕಾಣುವುದಿಲ್ಲ. ಜಡೆ ಹಾಕಿಸಿಕೊಳ್ಳಲು ಬೆನ್ನು ತಿರುಗಿಸಿ ಕೂತಾಗಲೂ ಬಾಚಣಿಕೆ ಕಿವಿಯ ಹತ್ತಿರ ಬಂದರೆ ಉಸಿರು ಹಿಡಿಯುತ್ತಾಳೆ. ಆ ಕೈ ಇನ್ನೊಂದಿಷ್ಟು ಮುಂದೆ ಬಂದರೆ ಮೂಗು.

ಆ ಕೈ ಮೊದಲ ಸಲ ಚಪ್ಪಲಿ ಹಿಡಿದದ್ದು ಅಡಿಗೆಮನೆಯಲ್ಲಿ. ಸಪ್ನಾಳಿಗೆ ಆಗ ಏಳು ನಡೆದಿತ್ತು. ತಾಟಿನ ಮುಂದೆ ಕೂತವಳು ಕಣ್ಣು ಮೇಲೆ ಮಾಡಿ ಹಿಂದಕ್ಕೆ ಬಿದ್ದಳು. ಕೈಕಾಲು ಸೆಟೆದು ನೆಲಕ್ಕೆ ಬಡಿದುಕೊಳ್ಳತೊಡಗಿದವು, ತುಟಿಯ ಮೂಲೆಯಲ್ಲಿ ನೊರೆ. "ಚಪ್ಪಲಿ ತಾರs! ಮೂಗಿಗೆ ಹಿಡಿ, ಮೂಗಿಗೆ!" ಎಂದು ಶಟ್ಟೆವ್ವ ಒದರಿದಳು. ಅದೇನು ಹೊಸ ಮಾತಾಗಿರಲಿಲ್ಲ. ತವರೂರು ಚಚಡಿಯಲ್ಲಿ, ವಾಡೆಯ ಮುಂದೆ ಹೀಗೇ ಬಿದ್ದ ಒಬ್ಬ ಗಾಡಿಯವನ ಮೂಗಿಗೆ ನಾಲ್ಕು ಜನ ನಾಲ್ಕು ಚಪ್ಪಲಿ ಹಿಡಿದದ್ದನ್ನು ಸಣ್ಣವಳಿದ್ದಾಗ ಸುಂದರವ್ವ ನೋಡಿದ್ದಳು. ಮೂರ್ಛೆ ಬಂದವರಿಗೆ ಚಪ್ಪಲಿ ಮೂಸಿಸಬೇಕು, ಕಬ್ಬಿಣ ಮುಟ್ಟಿಸಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದದ್ದು, ಜ್ವರ ಬಂದರೆ ಹಣೆಗೆ ಒದ್ದೆ ಅರಿವೆ ಹಾಕಬೇಕು ಎನ್ನುವ ಹಾಗೆ. ಓಡಿ ಹೋಗಿ ತನ್ನದೇ ಚಪ್ಪಲಿ ತಂದು ಹಿಡಿದಳು. ತುಸು ಹೊತ್ತಿಗೆ ಬಡಿತ ನಿಂತಿತು. ಮಗು ಉದ್ದಕ್ಕೆ ಉಸಿರೆಳೆದು ಮಲಗಿತು. ಸುಂದರವ್ವ ಚಪ್ಪಲಿಯನ್ನು ಎದೆಗೆ ಹಿಡಿದುಕೊಂಡು ಕುಳಿತೇ ಇದ್ದಳು. ನಾನು ನಿಲ್ಲಿಸಿದೆ. ಯಾರಿಗೂ ಹೇಳದ ಆ ಹಿಗ್ಗು ಎರಡು ವರ್ಷ ಅವಳೊಳಗೆ ಇತ್ತು. ಪ್ರತಿ ಸಲ ಬಂದಾಗ ಓಡಿದ್ದಾಳೆ, ಪ್ರತಿ ಸಲ ನಿಂತಿದೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಲೆಕ್ಕದಲ್ಲಿ ಮೊದಲಿಂದ ಹಿಂದೆ, ಗಂಡನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚು ಹಾಕುವವಳು ಎಂದು ಹೆಸರಾದವಳು. ಆದರೆ ಮಗಳೊಳಗೆ ನುಗ್ಗುವ ಆ ಕಾಣದ್ದನ್ನು ತಡೆಯುವ ಕೈ ಮಾತ್ರ ತನ್ನದು.

ಅದನ್ನೂ ಕಸಿದುಕೊಂಡದ್ದು ಧಾರವಾಡದ ಮುದಿ ಡಾಕ್ಟರ. "ಚಪ್ಪಲಿ ಹಿಡದ್ರೂ ನಿಲ್ತದ, ಹಿಡೀದಿದ್ರೂ ನಿಲ್ತದ. ಹಿಡೀಬ್ಯಾಡ್ರಿ. ಮಗ್ಗಲಿಗೆ ಹೊಳ್ಳಿಸಿ, ತಲಿ ಕೆಳಗ ಏನರೆ ಮೆತ್ತಂದು ಇಟ್ಟು ಸುಮ್ಮ ಕುಂದರ್ರಿ. ತಾನs ಬಂದದ್ದು ತಾನs ಹೋಗತದ." ವೀರಪ್ಪ ಹಗುರಾದವನಂತೆ ನಕ್ಕ. "ನಾವು ಹಳ್ಳಿ ಮಂದಿ ನೋಡ್ರಿ, ಚಪ್ಪಲಿಗೇ ಡಾಕ್ಟರಕಿ ಕೊಟ್ಟಿದ್ವಿ." ಡಾಕ್ಟರನೂ ನಕ್ಕ. ಸುಂದರವ್ವ ಗೋಡೆಯ ಮೇಲಿನ ಕ್ಯಾಲೆಂಡರಿನ ತೇದಿಗಳನ್ನು ನೋಡುತ್ತ ಕೂತಳು. ಆಗಲೇ ಹೇಳಬೇಕಿತ್ತು, ನಾನು ಸಾಲಿಯಲ್ಲಿ ಕಲಿಸುವ ಅಕ್ಕೋರಿಗೂ ಹೇಳಿಬಿಟ್ಟಿದ್ದೇನೆ ಎಂದು. ತಮ್ಮೂರು ಬೈಲಹೊಂಗಲಕ್ಕೆ ಮರಳಿದ ಮೇಲಾದರೂ ಹೋಗಿ, ಆ ಮಾತು ತಪ್ಪು, ಹಿಡಿಯಬೇಡಿ ಎನ್ನಬೇಕಿತ್ತು. ನಾಳೆ ಹೋದರಾಯಿತು ಎಂದುಕೊಂಡಳು. ತಾನು ಎಷ್ಟು ಠೀವಿಯಿಂದ ಹೇಳಿದ್ದಳು! "ಅಕ್ಕೋರs, ಒಮ್ಮೊಮ್ಮೆ ಆಕಿಗೆ ಹಿಂಗ ಬರತೈತ್ರಿ. ಅಂಜಬ್ಯಾಡ್ರಿ. ಒಂದ ಚಪ್ಪಲಿ ಹಿಡೀರಿ, ನಿಲ್ತೈತಿ, ನಾ ನೋಡೇನಿ." ಅದೇ ಬಾಯಿಂದ ಮತ್ತೆ ಅದನ್ನು ಅಲ್ಲಗಳೆಯಲು ನಾಚಿಕೆ. ಆ ನಾಚಿಕೆಯ ವಾರದಲ್ಲೇ ಸಪ್ನಾ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದಳು. ಅಕ್ಕೋರು ಓಡಿ ಬಂದು ಮೂಗಿಗೆ ಚಪ್ಪಲಿ ಹಿಡಿದರು, ಇಡೀ ಸಾಲಿ ಸುತ್ತ ನಿಂತು ನೋಡಿತು.

ಆಮೇಲೆ ಹುಡುಗರು ಕೈಯಲ್ಲಿ ಚಪ್ಪಲಿ ಹಿಡಿದು ಓಡಿಬರುತ್ತಿದ್ದರಂತೆ, ಮೂಸು, ಮೂಸು ಎಂದು. ಒಂದು ಮಧ್ಯಾಹ್ನ ರೊಟ್ಟಿಯ ಡಬ್ಬಿ ತೆಗೆಯಲು ಕೈ ಹಾಕಿದರೆ ಪಾಟಿಚೀಲದಲ್ಲಿ ಹರಕು ಚಪ್ಪಲಿ. ಸಪ್ನಾ ಅಳದೆ ಮನೆಗೆ ಬಂದು, ಚೀಲವನ್ನು ಬಾಗಿಲ ಹಿಂದಿಟ್ಟು, ನೀರು ಕುಡಿದು ಕೇಳಿದಳು: "ಅವ್ವಾ, ಅಕ್ಕೋರಿಗೆ ಚಪ್ಪಲಿ ಹಿಡೀರಿ ಅಂತ ಯಾರ ಹೇಳಿದ್ರು?"

"ಯಾರ ಹೇಳ್ಯಾರೋ ಏನೋ."

ಹುಡುಗಿ ಇನ್ನೊಂದು ಲೋಟ ನೀರು ಕುಡಿದಳು. "ಅಕ್ಕೋರು ಅಂದ್ರು, ನಿಮ್ಮವ್ವs ಹೇಳ್ಯಾಳ ಅಂತ." ಗೊತ್ತಿದ್ದೇ ಕೇಳಿದ್ದಳು. ಅವ್ವ ಏನೆನ್ನುತ್ತಾಳೆ ನೋಡೋಣ ಎಂದು ಕೇಳಿದ್ದಳು. ಮರುದಿನದಿಂದ ಆ ಚೀಲ ಸಾಲಿಗೆ ಹೋಗಲಿಲ್ಲ.

ದಾರ ಹರಿಯಿತು. ಸುಂದರವ್ವ ತುಂಡು ದಾರವನ್ನು ಬೆರಳಿಗೆ ಸುತ್ತಿ ಬಿಸಾಡಿದಳು. ಟ್ರಂಕಿನ ಮುಚ್ಚಳ ಇನ್ನೂ ತೆರೆದೇ ಇತ್ತು. ಲಂಗದ ಅಡಿಯಿಂದ ಬೆಳಿಗ್ಗೆ ಹೊರಬಿದ್ದದ್ದು ಇನ್ನೊಂದು ಇತ್ತು: ಖಾಲಿ ಇನ್‌ಲ್ಯಾಂಡ್ ಪತ್ರ. ಹೆಸರೂ ಬರೆದಿಲ್ಲ. ಶೇಂಗಾ ಬಿತ್ತುವ ದಿನಗಳಲ್ಲಿ ತಂದದ್ದು. ಈಗ ಆ ಶೇಂಗಾ ಕಿತ್ತು, ಒಣಗಿ, ಹಿತ್ತಲಿನಲ್ಲಿ ಸುಲಿಯುವ ಹೊತ್ತಾಗಿದೆ. ಅದರಲ್ಲಿ ಬರೆಯಬೇಕಾದದ್ದು ಮೂರೇ ಮಾತು ಎಂದು ಅಲ್ಮಾಸ ಹೇಳಿದ್ದಳು.

ಅಲ್ಮಾಸ ಸಿಕ್ಕದ್ದು ಆಮೇಲೊಮ್ಮೆ ಗುಳಿಗೆ ತರಲು ಹೋಗಿ ಧಾರವಾಡದಿಂದ ಬರುವ ಬಸ್ಸಿನಲ್ಲಿ. ಟೇಲರ್ ಬಾಬಾಜಾನನ ಸೊಸೆ, ಬಿ.ಎ. ಓದಿದವಳು, ಮಗ್ಗುಲಲ್ಲಿ ಮಗ ಅಲ್ತಮಶ. ಹುಡುಗನ ಒಂದು ಕಾಲಿಗೆ ಮೊಣಕಾಲಿನವರೆಗೆ ಕಬ್ಬಿಣದ ಪಟ್ಟಿ, ಪಟ್ಟಿಯ ಬುಡಕ್ಕೆ ದಪ್ಪ ಕರಿಯ ಬೂಟು. ಕೈಯಲ್ಲಿದ್ದ ಪೇರಲ ಹಣ್ಣನ್ನು ಯಾರೂ ಹೇಳದೆ ಅರ್ಧ ಮುರಿದು ಸಪ್ನಾಳಿಗೆ ಕೊಟ್ಟ. "ಇವನ ವರ್ಗ ಮಾಳಿಗಿ ಮ್ಯಾಲ ಐತ್ರಿ," ಅಲ್ಮಾಸ ಅಂದಳು. "ದಿನಾ ಯಾರು ಹೊತ್ತು ಏರಸ್ತಾರ? ಎರಡ ದಿನಾ ಏರಸಿದ್ರು, ಮೂರನೇ ದಿನಾ ಮೂತಿ ತಿರುವಿದ್ರು. ನಮ್ಮ ಓಣಿ ಕೃಷ್ಣವ್ವನ ಮಗಳು ತೊದಲತಾಳ್ರಿ, ಆಕಿನೂ ಸಾಲಿ ಬಿಟ್ಲು. ಅದಕ್ಕ ನಾವು ಒಂದಷ್ಟ ಮನಿಯವರು ಕೂಡಿ ಮನ್ಯಾಗs ಕಲಸಾಕ ಹತ್ತೇವಿ. ದಿನಕ್ಕೊಂದ ಮನಿ. ಹತ್ತನೇತ್ತಿ ಪರೀಕ್ಷಾ ಹೊರಗಿನಿಂದ ಕಟ್ಟಿಸಿದ್ರಾತು."

"ಹಿಂದಕ ಓದೂ ಹುಡುಗೋರು ವಾರದ ಮನಿ ಉಣತಿದ್ರಲ್ರಿ, ಹಂಗs ಆತು," ಎಂದಳು ಸುಂದರವ್ವ. ಹೊರಗಿನವರ ಮುಂದೆ ಅವಳಿಗೆ ಅಷ್ಟು ಮಾತು ಬಂದದ್ದು ಅವಳಿಗೇ ಹೊಸದು.

"ಬರೋಬರಿ! ಊಟದ ಕೂಡ ಪಾಠಾನೂ. ಮಂಗಳವಾರ ಖಾಲಿ ಬಿದ್ದೈತ್ರಿ, ಆ ಮನಿಯವರು ರಾಮದುರ್ಗಕ್ಕ ಬದಲಿ ಆಗಿ ಹೋದ್ರು. ನೀವು ಮಂಗಳವಾರ ಆಗ್ರಿ."

ಬಸ್ಸಿನ ಕಿಟಕಿಯಾಚೆ ಕರಿಯ ಹೊಲಗಳು ಹಿಂದೆ ಸರಿಯುತ್ತಿದ್ದವು. ನೀವು ಮಂಗಳವಾರ ಆಗಿರಿ. ಯಾರೂ ಅವಳಿಗೆ ಹೀಗೆ ಏನನ್ನೂ ಆಗು ಎಂದಿರಲಿಲ್ಲ. ಬೇಕಾದದ್ದು ಕಡಿಮೆಯೇ: ಮೊದಲು ಒಂದು ದಿನ ಬಂದು ನೋಡುವುದು, ಮನಸ್ಸಿಗೆ ಬಂದರೆ ತಾಯಿ ತನ್ನ ಕೈಯಿಂದ ಪತ್ರ ಬರೆಯುವುದು. ಕೂಸಿಗೆ ಏನು ಸೇರುತ್ತದೆ, ಯಾವುದಕ್ಕೆ ಅಂಜುತ್ತದೆ, ನಿಮ್ಮ ಮನೆಯಲ್ಲಿ ನೀವು ಏನು ಕಲಿಸುತ್ತೀರಿ. ಬೇರೆ ತಾಯಂದಿರು ಅದನ್ನು ಓದುತ್ತಾರೆ. ಹೊಸ ಮಗು ಹೊಂದಿಕೊಳ್ಳುವ ತನಕ ತಾಯಿ ದಿನಾಲೂ ಜೊತೆಗೆ ಕೂಡಬೇಕು. ತನ್ನ ಮನೆಯ ವಾರದಂದು ಅಂತೂ ಇರಲೇಬೇಕು.

ನೋಡಲು ಹೋದ ದಿನ ಸೋಮವಾರ, ಅಲ್ಮಾಸಳ ಮನೆ. ಹೊಸ್ತಿಲ ಹೊರಗೆ ಚಪ್ಪಲಿಗಳು ಸಾಲಾಗಿ. ಸುಂದರವ್ವ ಆ ಸಾಲನ್ನು ನೋಡದ ಹಾಗೆ ದಾಟಿ ಒಳಗೆ ಹೋದಳು. ಅಲ್ಮಾಸಳ ಅತ್ತೆ ರಹೀಮಬಿ ಹೊಲಿಗೆಯಂತ್ರದ ಪಕ್ಕ ಕೂತು ಮಕ್ಕಳಿಗೆ ಅಳತೆ ಕಲಿಸುತ್ತಿದ್ದಳು. ಟೇಪು ಹಿಡಿದು ಒಬ್ಬರು ಇನ್ನೊಬ್ಬರ ತೋಳು, ಕುತ್ತಿಗೆ, ತಲೆ ಅಳೆಯಬೇಕು, ಪಾಟಿಯ ಮೇಲೆ ಬರೆಯಬೇಕು, ಯಾರದು ಯಾರಿಗಿಂತ ಎಷ್ಟು ಹೆಚ್ಚು ಹೇಳಬೇಕು. ಸುಂದರವ್ವನ ಕೈಯಲ್ಲಿದ್ದ ಡಬ್ಬಿ ರಹೀಮಬಿಯ ಕಣ್ಣಿಗೆ ಬಿತ್ತು. "ರೊಟ್ಟಿ ನಿಮ್ದು ನೀವು ಉಣ್ರಿ ಬಾಯಿ, ಪಲ್ಯಾ ಅರೆ ನಮ್ದು ತಗೊಳ್ರಿ. ಅಂಜಬ್ಯಾಡ್ರಿ, ಬರೇ ಬದನಿಕಾಯಿ ಐತಿ." ಎಲ್ಲರೂ ನಕ್ಕರು, ಸುಂದರವ್ವನ ಕಿವಿ ಬಿಸಿಯಾಯಿತು, ಆದರೆ ಆ ನಗೆಯಲ್ಲಿ ಮುಳ್ಳಿರಲಿಲ್ಲ. ಕೃಷ್ಣವ್ವ ಸರಿದು ಕೂತು ಜಾಗ ಮಾಡಿದಳು. ಗಂಡ ಕಿತ್ತೂರ ಬಸ್ಸಿಗೆ ಕಂಡಕ್ಟರನಾದ್ದರಿಂದ ಎಲ್ಲರ ಸುದ್ದಿಯೂ ಆಕೆಗೆ ಬೇಕು. "ನಿಮ್ಮ ಹುಡುಗಿ ಯಾಕ ಸಾಲಿ ಬಿಟ್ಟಳ್ರಿ?"

"ಸಾಲಿ ದೂರ ಆಕ್ಕೈತ್ರಿ."

"ದೂರ? ಸಾಲಿ ನಿಮ್ಮ ಹಿತ್ತಲ ಗ್ವಾಡಿಗೇ ಹತ್ತೇತಲ್ರಿ! ಗಂಟಿ ಬಾರಿಸಿದ್ರ ನಿಮ್ಮ ಹಾಲ ಉಕ್ಕತಾವು."

ಸುಳ್ಳು ಹೇಳುವವರು ಹತ್ತಿರದ್ದನ್ನು ದೂರ ಮಾಡುವ ಮೊದಲು ತುಸು ಯೋಚಿಸಬೇಕು. ಸುಂದರವ್ವ ಸೆರಗಿನ ತುದಿ ಮಡಚಿದಳು, ಬಿಡಿಸಿದಳು. ಈಗ ಹೇಳಿಬಿಡಬೇಕು, ಇವಳಿಗೆ ಫಿಟ್ಸ್ ಬರುತ್ತವೆ ಎಂದು. ಸಾಲಿಯ ಹುಡುಗರ ಮಾತು ಯಾರೂ ನಂಬುವುದಿಲ್ಲ, ಆದರೆ ಹೆಣ್ಣು ಕೂಸು, ದೊಡ್ಡವರೊಬ್ಬರ ಬಾಯಿಗೆ ಬಿದ್ದರೆ ಊರಿಗೆಲ್ಲ, ಎಂದಿದ್ದ ವೀರಪ್ಪ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಅವನಿಗೆ ಮಾತು ಹೇಗೆ ಮಾರುಕಟ್ಟೆ ಸುತ್ತುತ್ತದೆ ಗೊತ್ತಿತ್ತು. ಅತ್ತ ಅಲ್ತಮಶ ಸಪ್ನಾಳ ತಲೆಗೆ ಟೇಪು ಸುತ್ತಿದ್ದ. "ತಡೀ, ಅಲುಗ್ಯಾಡಬ್ಯಾಡ. ನಿಂದು ನನಕಿಂತಾ ಒಂದ ನೂಲು ಹೆಚ್ಚ ಐತಿ. ಇದರಾಗ ಏನ ತುಂಬಿ?"

"ನಿನ್ನಂಥವರ ನಾಕ ಮಂದಿ ಬುದ್ಧಿ," ಎಂದಳು ಸಪ್ನಾ.

ಎಷ್ಟು ದಿನಗಳ ಮೇಲೆ ಕೇಳಿದ ದನಿ ಅದು. ಸುಂದರವ್ವನಿಗೆ ಆ ಮನೆಯ ಎಲ್ಲವೂ, ಚಿಂದಿಬಟ್ಟೆಯ ರಾಶಿ, ಯಂತ್ರದ ಎಣ್ಣೆಯ ವಾಸನೆ, ಬದನೆಕಾಯಿಯ ಒಗ್ಗರಣೆ, ಎಲ್ಲವೂ ತನ್ನವೇ ಎನ್ನಿಸಿತು. ಕೌದಿ ಹೊಲಿಯುವುದನ್ನು ಕಲಿಸುತ್ತೇನೆ ಎಂದು ಬರೆಯಬಹುದು ಎಂದುಕೊಂಡಳು. ಮಂಗಳವಾರ ಈ ಮಕ್ಕಳೆಲ್ಲ ತನ್ನ ನಡುಮನೆಯಲ್ಲಿ ಕೂತಿರುತ್ತಾರೆ, ಕೈಕೈಗೆ ಸೂಜಿ ಕೊಡುತ್ತಾಳೆ. ಆಗ ಟೇಪು ನೆಲಕ್ಕೆ ಬಿತ್ತು. ಸಪ್ನಾಳ ಕಣ್ಣು ಮೇಲೆ ಹೋಗಿದ್ದವು.

ಆಮೇಲಿನದು ಅವಳಿಗೆ ತುಂಡುತುಂಡಾಗಿ ನೆನಪಿದೆ, ತುಂಡುಗಳು ಯಾವಾಗ ಬೇಕಾದರೂ ಬರುತ್ತವೆ, ರೊಟ್ಟಿ ಬಡಿಯುವಾಗ, ನೀರು ಸೇದುವಾಗ. ಅಲ್ಮಾಸ ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿದಳು. ರಹೀಮಬಿ ಹೊಲಿಯದ ಬಟ್ಟೆಯ ಗಂಟೊಂದನ್ನು ತಲೆಯ ಕೆಳಗೆ ತಳ್ಳಿದಳು, "ಜಾಗಾ ಬಿಡ್ರಿ, ಗಾಳಿ ಬಿಡ್ರಿ, ಏನೂ ಆಗೂದಿಲ್ಲ." ಯಾರೂ ಒದರಲಿಲ್ಲ. ಡಾಕ್ಟರ ಹೇಳಿದಂತೆಯೇ ನಡೆಯುತ್ತಿತ್ತು. ಸುಂದರವ್ವನಿಗೂ ಅದು ಗೊತ್ತಿತ್ತು, ಗೊತ್ತಿದ್ದದ್ದು ತಲೆಗೆ. ಕಾಲುಗಳು ಆಗಲೇ ಹೊಸ್ತಿಲಿಗೆ ಓಡಿದ್ದವು, ಕೈ ಸಾಲಿನಲ್ಲಿ ಕಬ್ಬಿಣ ಇದ್ದದ್ದನ್ನೇ ಹುಡುಕಿ ಎತ್ತಿಕೊಂಡಿತ್ತು, ಚಪ್ಪಲಿಗೆ ಕಬ್ಬಿಣವೂ ಕೂಡಿದರೆ ಬೇಗ ನಿಲ್ಲುತ್ತದೆ ಎಂದು. ಅವಳು ಮೊಣಕಾಲೂರಿ ಮಗಳ ಮುಖಕ್ಕೆ ಅದನ್ನು ಹಿಡಿದಳು. ಆಗ ಅಲ್ತಮಶ ಕೂಗಿದ.

"ಅದು ನನ್ನ ಕಾಲರೀ! ನನ್ನ ಕಾಲು ಕೊಡ್ರೀ!"

ಕೈಯಲ್ಲಿದ್ದದ್ದು ಹುಡುಗನ ಬೂಟು, ಪಟ್ಟಿಯ ಸಮೇತ. ಮನೆಯೊಳಗೆ ಅವನು ಅದನ್ನು ಬಿಚ್ಚಿಟ್ಟು ತೆವಳುತ್ತಿದ್ದ. ಈಗ ತೆವಳುತ್ತಲೇ ಬಂದು ಅವಳ ಮೊಣಕೈ ಜಗ್ಗುತ್ತಿದ್ದ. ಕೃಷ್ಣವ್ವ ಬಾಯಿಗೆ ಸೆರಗು ಹಿಡಿದಳು. ಅಲ್ಮಾಸ ಮೆಲ್ಲಗೆ, "ಬಿಡ್ರಿ ಅಕ್ಕಾ, ಬ್ಯಾಡ, ಬಿಡ್ರಿ," ಎನ್ನುತ್ತಿದ್ದಳು. ಬಡಿತ ನಿಂತಿತು, ತಾನಾಗಿ. ಸಪ್ನಾ ಕಣ್ಣು ತೆರೆದಳು. ಮೊದಲು ಕಂಡದ್ದು ಬೂಟಿನ ಅಡಿ, ಅದರಾಚೆ ಅವ್ವ. ಹುಡುಗಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿರಲಿಲ್ಲ, ರೆಪ್ಪೆ ಅದುರುತ್ತಿತ್ತು.

ಆ ದಿನದಿಂದ ಅವಳು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಾಳೆ. ಅಲ್ಮಾಸ ಒಮ್ಮೆ ಮನೆಗೇ ಬಂದಿದ್ದಳು. ಸುಂದರವ್ವ ಅಡಿಗೆಮನೆಯ ಬಾಗಿಲ ಹಿಂದೆ ನಿಂತಳು, ತನ್ನದೇ ಮನೆಯಲ್ಲಿ. "ಪತ್ರಾ ಎಲ್ಲೈತಿ ಅಂತ ಕೇಳ್ರಿ ನಿಮ್ಮ ಸೊಸಿಗೆ," ಅಲ್ಮಾಸ ಅತ್ತೆಗೆ ಹೇಳುತ್ತಿದ್ದಳು. "ಮಂಗಳವಾರ ಹಂಗs ಖಾಲಿ ಇಟ್ಟೇವಿ. ನಮ್ಮ ಹುಡುಗ ದಿನಾ ಕೇಳತಾನ, ದೊಡ್ಡ ತಲಿ ಎಲ್ಲಿ ಅಂತ." ಆಮೇಲೆ ಎಷ್ಟೋ ಸಲ ಅವಳು ಹಳೆಯ ಹಾಳೆಗಳ ಮೇಲೆ ಬರೆದು ನೋಡಿದ್ದಾಳೆ. ಮೊದಲ ಮಾತು ಸುಲಭ. ಎರಡನೆಯದಕ್ಕೆ, ಯಾವುದಕ್ಕೆ ಅಂಜುತ್ತಾಳೆ ಎಂಬುದಕ್ಕೆ, ಹಲ್ಲಿಗೆ ಎಂದು ಬರೆದಳು. ಕತ್ತಲೆಗೆ ಎಂದು ಬರೆದಳು. ಹರಿದು ಒಲೆಗೆ ಹಾಕಿದಳು. ಫಿಟ್ಸ್ ಸುದ್ದಿ ಹರಡೀತು ಎಂಬ ವೀರಪ್ಪನ ಮಾತು ಅವಳಿಗೆ ಅನುಕೂಲವಾಗಿತ್ತು. ಬರೆಯಲಾರದೆ ಇದ್ದದ್ದನ್ನು ಗಂಡ ಒಲ್ಲೆ ಅಂದದ್ದಕ್ಕೆ ಹಚ್ಚಬಹುದಿತ್ತು. ಆದರೆ ಸುದ್ದಿ ಹರಡುವುದಿದ್ದರೆ ಆ ಸೋಮವಾರವೇ ಹರಡಬೇಕಿತ್ತು. ಹರಡಿರಲಿಲ್ಲ. ಎಲ್ಲರ ಸುದ್ದಿ ಬೇಕಾದ ಕೃಷ್ಣವ್ವ ಸಂತೆಯಲ್ಲಿ ಎದುರಾದಾಗ ಬದನೆಕಾಯಿಯ ದರವನ್ನಷ್ಟೇ ಕೇಳಿದ್ದಳು.

ಹಿತ್ತಲಿನಲ್ಲಿ ಸಿಪ್ಪೆಯ ಸದ್ದು ನಿಂತಿತ್ತು.

"ಆಯಿ, ಅಲ್ತಮಶ ನನ್ನ ತಲಿ ಅಳತಿ ಬರಕೊಂಡಾನ. ಈಗ ಅಳದ್ರ ಹೆಚ್ಚಾಗಿರತೈತಿ."

"ಹಂಗಾರ ಹೋಗು. ಯಾರ ಹಿಡಕೊಂಡಾರ ನಿನ್ನ?"

"ಅವ್ವ ಬರತಾಳಲಾ."

"ಬಂದ್ರ ಬರಲೇಳು."

ಒಂದು ಕಾಯಿ ಒಡೆದ ಸದ್ದು. "ಅವ್ವ ಬರೂದಿಲ್ಲಂದ್ರ ಹೋಗತೇನಿ. ನೀ ಬಾ."

"ನಾ ಬಂದು ಏನ ಮಾಡಲಿ? ನನಗ ಒಂದ ಅಕ್ಷರ ಬರೂದಿಲ್ಲ."

"ನೀ ಸುಮ್ಮ ಕುಂದರು."

ಶಟ್ಟೆವ್ವ ಬುಟ್ಟಿ ಸರಿಸಿದಳು. ಅವಳ ದನಿ ಇಳಿದಿತ್ತು. "ಅಲ್ಲಬೇ, ಚಪ್ಪಲಿ ತಾ, ಹಿಡಿ ಅಂತ ಒದರಿದಾಕಿ ನಾ. ಅಂಜೂದಾದ್ರ ನನಗ ಅಂಜಬೇಕು ನೀ."

"ನೀ ಬರೇ ಒದರತಿ. ಹಿಡಿಯಾಕಿ ಅವ್ವ."

ಸುಂದರವ್ವ ಬ್ಲೇಡನ್ನು ನೆಲಕ್ಕಿಟ್ಟಳು. ಎದ್ದು ಹೋಗಿ ಏನಾದರೂ ಅನ್ನಬೇಕು ಎನ್ನಿಸಲಿಲ್ಲ. ಅನ್ಯಾಯ ಎಂದೂ ಅನ್ನಿಸಲಿಲ್ಲ. ಅನ್ನಿಸಿದ್ದರೆ ಚೆನ್ನಾಗಿತ್ತು, ಅನ್ಯಾಯವಾದವರು ಅಳಬಹುದು. ಬದಲಿಗೆ ಒಂದು ಲೆಕ್ಕ ಸರಿಹೋದಂತೆ ಆಯಿತು. ಇಷ್ಟು ದಿನ ತಾನು ಮಗಳನ್ನು ಮೂರ್ಛೆಯಿಂದ, ಊರವರ ಬಾಯಿಂದ, ಸಾಲಿಯ ಹುಡುಗರಿಂದ ಬಚ್ಚಿಟ್ಟುಕೊಂಡು ಕೂತಿದ್ದೇನೆ ಎಂದುಕೊಂಡಿದ್ದಳು. ಹುಡುಗಿಗೆ ಅವರಾರ ಅಂಜಿಕೆಯೂ ಇರಲಿಲ್ಲ. ಬೀಳುವ ಅಂಜಿಕೆಯೂ ಇರಲಿಲ್ಲ. ಬೀಳುವಾಗ ಅವಳು ಅಲ್ಲಿರುವುದೇ ಇಲ್ಲವಲ್ಲ. ಅವಳು ಇರುವುದು ಏಳುವಾಗ. ಏಳುವಾಗ ಎದುರಿಗೆ ಯಾರಿರುತ್ತಾರೆ ಎಂಬುದು ಅವಳ ಅಂಜಿಕೆ.

ಶಟ್ಟೆವ್ವ ಶೇಂಗಾದ ಬುಟ್ಟಿ ಹೊತ್ತು ಒಳಗೆ ಬಂದವಳು ಸೊಸೆಯ ಮುಖ ನೋಡಿ ನಿಂತಳು. "ಕೇಳಿಸ್ತೇನು?"

"ಹೂಂನ್ರಿ."

"ಸಣ್ಣ ಕೂಸಿನ ಮಾತು. ಮನಸಿಗೆ ಹಚ್ಚಗೋಬ್ಯಾಡ."

"ಮಂಗಳವಾರ ನೀವು ಕುಂದರತೀರೇನ್ರಿ, ಹುಡುಗೋರ ಕೂಡ?"

"ನಾನಾ? ನಾ ಏನ ಕಲಸಲಿ ಅವಕ್ಕ? ಬೈಗುಳಾ?"

"ಕೌದಿ ಕಲಸ್ರಿ. ನನಗ ಕಲಿಸಿದಾಕಿ ನೀವs."

"ನೀನೂ ಇದ್ದs ಇರತಿ, ನೀ ಕಲಸು."

"ನಾ ಇರೂದಿಲ್ಲ. ಎಲ್ಲರೆ ಹೋಗತೇನಿ ಅವತ್ತು."

ಅತ್ತೆ ಬುಟ್ಟಿಯನ್ನು ಕೆಳಗಿಟ್ಟಳು. ಈ ಇಷ್ಟು ವರ್ಷಗಳಲ್ಲಿ ಅವಳು ಸೊಸೆಯ ಹೆಗಲ ಮೇಲೆ ಕೈ ಇಟ್ಟವಳಲ್ಲ. ಈಗಲೂ ಇಡಲಿಲ್ಲ. ಕೌದಿಯ ಒಂದು ಮೂಲೆ ಸೊಟ್ಟಗಾಗಿದ್ದನ್ನು ಕಾಲಿನಿಂದ ಸರಿಮಾಡಿ, "ಚಾ ಇಡತೇನಿ," ಎಂದು ಒಳಗೆ ಹೋದಳು.

ಸುಂದರವ್ವ ನೆಲದ ಮೇಲೆ ಇನ್‌ಲ್ಯಾಂಡ್ ಬಿಡಿಸಿದಳು. ಅಕ್ಷರಗಳು ಏಳನೆಯ ಇಯತ್ತೆಯಲ್ಲಿ ಎಲ್ಲಿ ನಿಂತಿದ್ದವೋ ಅಲ್ಲೇ ನಿಂತಿದ್ದವು, ದುಂಡಗೆ, ಒಂದಕ್ಕೊಂದು ದೂರ ದೂರ. ನಿಧಾನವಾಗಿ ಬರೆದಳು.

ಅಲ್ಮಾಸ ಅವರಿಗೆ ಸುಂದರವ್ವ ಮಾಡುವ ನಮಸ್ಕಾರಗಳು. ಸಪ್ನಾಳಿಗೆ ಅಳತೆ ಮಾಡುವುದು ಸೇರುತ್ತದೆ. ನಿಮ್ಮ ಅಲ್ತಮಶನೂ ಸೇರುತ್ತಾನೆ. ಅವಳಿಗೆ ಮೂರ್ಛೆ ಬರುತ್ತದೆ, ಅದನ್ನು ಮೊದಲೇ ಹೇಳದೆ ಬಂದೆ, ತಪ್ಪಾಯಿತು. ಅವಳು ಅದಕ್ಕೆ ಅಂಜುವುದಿಲ್ಲ. ನನ್ನ ಕೈಗೆ ಅಂಜುತ್ತಾಳೆ. ಆದ್ದರಿಂದ ತಾಯಿ ಬರಬೇಕು ಎಂಬ ನೇಮವನ್ನು ನಮ್ಮ ಮಟ್ಟಿಗೆ ಕೈಬಿಡಬೇಕು. ನಮ್ಮ ಅತ್ತಿ ಅವಳನ್ನು ಕರೆದುಕೊಂಡು ಬರುತ್ತಾರೆ. ಮಂಗಳವಾರ ನಮ್ಮ ಮನೆ ತಗೊಳ್ಳಿರಿ. ಅತ್ತಿ ಕೌದಿ ಕಲಿಸುತ್ತಾರೆ, ರೊಟ್ಟಿ ಪಲ್ಯ ನಾನು ಮುಂಜಾನೆ ಮಾಡಿ ಇಟ್ಟಿರುತ್ತೇನೆ. ನಾನು ಮನೆಯಲ್ಲಿ ಇರುವುದಿಲ್ಲ. ಅವಳು ಬಿದ್ದರೆ ಆ ದಿನ ನೀವು ಮಾಡಿದ ಹಾಗೇ ಮಾಡಿರಿ. ಅಲ್ತಮಶನಿಗೆ ನನ್ನ ಮೇಲೆ ಸಿಟ್ಟು ಬೇಡ ಎಂದು ಹೇಳಿರಿ.

ಇನ್ನೂ ಜಾಗ ಉಳಿದಿತ್ತು. ಉಳಿದ ಜಾಗಕ್ಕೆ ಏನು ಬರೆಯಬೇಕು ತಿಳಿಯದೆ ಮಡಿಚಿ, ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ ಒತ್ತಿ, ಮೇಲೆ ವಿಳಾಸ ಬರೆದಳು. ಅಂಟಿನ ರುಚಿ ಬಾಯಲ್ಲಿ ಉಳಿಯಿತು. ಹೊರಡುವಾಗ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಸಪ್ನಾ ಸಿಪ್ಪೆಯ ರಾಶಿಯನ್ನು ಎರಡೂ ಕೈಯಿಂದ ಕೂಡಿಸುತ್ತಿದ್ದಳು. "ಪೋಸ್ಟಿಗೆ ಹೋಗಿ ಬರತೇನಿ," ಎಂದಳು ಸುಂದರವ್ವ. ಹುಡುಗಿ ಹೂಂ ಎಂದಳು. ಕೈಯಲ್ಲಿದ್ದ ಪತ್ರ ಕಂಡಿರಬೇಕು, ತಲೆ ಎತ್ತಿ ಒಂದು ಗಳಿಗೆ ನೋಡಿ, ಮತ್ತೆ ಸಿಪ್ಪೆ ಕೂಡಿಸತೊಡಗಿದಳು.

ಪೋಸ್ಟಾಫೀಸಿನ ಕಟ್ಟೆಯ ಮೇಲೆ ಅಂಚೆಯ ಬೀರಪ್ಪ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವಳ ಕೈಯೊಳಗಿನ ಪತ್ರದ ವಿಳಾಸವನ್ನು ದೂರದಿಂದಲೇ ಓದಿದ. "ಟೇಲರ್ ಬಾಬಾಜಾನನ ಮನಿಗೇನವಾ? ನಿಮ್ಮ ಓಣಿ ಹೊರಳಿದ್ರ ಅವರ ಮನಿ ಬಂತಲ್ಲ! ಇಲ್ಲೀತನಕಾ ನಡಕೊಂಡ ಬಂದೀರಿ, ಅಷ್ಟ ನಡದಿದ್ರ ಕೈಯಾಗs ಕೊಟ್ಟ ಬರತಿದ್ರಿ. ನನಗೂ ಒಂದ ತುಳಿತ ಕಡಿಮಿ ಆಕ್ಕಿತ್ತು."

"ಕೈಯಾಗ ಬ್ಯಾಡ್ರಿ," ಎಂದಳು ಸುಂದರವ್ವ.

ಬೀರಪ್ಪ ಅವಳ ಮುಖ ನೋಡಿ, ಮತ್ತೆ ಚೈನಿನ ಕಡೆ ತಿರುಗಿದ. ಕೆಂಪು ಡಬ್ಬಿಯ ಬಾಯಿ ಅವಳ ಕಣ್ಣಿನ ಎತ್ತರಕ್ಕಿತ್ತು. ಪತ್ರ ಒಳಗೆ ಹೋದ ಮೇಲೂ ಬೆರಳುಗಳು ಒಂದಿಷ್ಟು ಹೊತ್ತು ಆ ಬಾಯಲ್ಲೇ ಇದ್ದವು. ತಳಕ್ಕೆ ಬಿದ್ದ ಸದ್ದು ಕೇಳಿಸಲಿಲ್ಲ. ಒಳಗೆ ಬೇರೆ ಪತ್ರಗಳು ಇದ್ದಿರಬೇಕು, ಅವುಗಳ ಮೇಲೆ ಮೆತ್ತಗೆ ಬಿದ್ದಿರಬೇಕು. ನಾಳೆ ಅಲ್ಮಾಸ ಓದುತ್ತಾಳೆ, ರಹೀಮಬಿಗೂ ಕೃಷ್ಣವ್ವನಿಗೂ ಓದಿ ಹೇಳುತ್ತಾಳೆ. ಬರುವ ಮಂಗಳವಾರವೇ ಮಕ್ಕಳು ಬರಬಹುದು. ಕೌದಿಯ ಖಾಲಿ ಚೌಕವನ್ನು ತುಂಬುವುದು ಬೇಡ, ನೀಲಿ ತುಂಡನ್ನು ಹಾಗೇ ಇಟ್ಟರೆ ಅವರೇ ಹೊಲಿದಾರು. ರೊಟ್ಟಿ ಮುಂಜಾನೆಯೇ ಬಡಿದಿಡಬೇಕು. ನೀರು ತುಂಬಿಸಿಡಬೇಕು, ಹೊಸ್ತಿಲ ಮುಂದೆ ಚಪ್ಪಲಿ ಬಿಡಲು ಜಾಗ ಗುಡಿಸಿಡಬೇಕು. ಇದೆಲ್ಲ ಅವಳಿಗೆ ಸರಿಯಾಗಿ ಕಾಣುತ್ತಿತ್ತು. ಅಷ್ಟು ಮಾಡಿ ಬಾಗಿಲು ದಾಟಿದ ಮೇಲೆ, ಸಂಜೆ ಮಕ್ಕಳು ಎದ್ದು ಹೋಗುವವರೆಗೆ, ಈ ಊರಲ್ಲಿ ತಾನು ಎಲ್ಲಿ ಹೋಗಿ ಕೂರುವುದು ಎಂಬುದನ್ನು ಅವಳು ಇನ್ನೂ ಯೋಚಿಸಿರಲಿಲ್ಲ.